ಸಾಯಲೊಲ್ಲದ ಪ್ರೋಗ್ರಾಮ್

ಎಲ್ಲಕ್ಕೂ ಮೂಲ ಅಕೌಂಟ್ಸ್ ಅಕ್ಕನ ಕಿರುಬೆರಳು. ಸೋಪಿನ ಲೇಬಲ್ ಅಚ್ಚು ಹಾಕುವ ಪ್ರೋಗ್ರಾಮ್ ಓಡುತ್ತಿರುವ ಕಪ್ಪು ಪರದೆಯಲ್ಲಿ ಏನಾದರೂ ಕಾಪಿ ಮಾಡಲು ಆಕೆ ಕಂಟ್ರೋಲ್-ಸಿ ಒತ್ತುವರು. ಅಲ್ಲಿ ಅದು 'ನಿಲ್ಲು' ಎಂಬ ಅಪ್ಪಣೆ. ಆಪರೇಟಿಂಗ್ ಸಿಸ್ಟಮ್ ಸಿಗ್ನಲ್ ಕಳಿಸುವುದು, ಪ್ರೋಗ್ರಾಮ್ ಪ್ರಾಣ ಬಿಡುವುದು, ಅದನ್ನು ಬರೆದ ಸೆಮಿಕೋಲನ್ ಸಾಹೇಬರ ಮನೆಗೆ ಫೋನ್ ಹೋಗುವುದು. ಅದೂ ಭಾನುವಾರವೇ.

"ಇನ್ನೊಂದು ಭಾನುವಾರ ಫೋನ್ ಬಂದ್ರೆ ಅದನ್ನ ಬಾವಿಗೆ ಹಾಕ್ತೀನಿ. ಆಮೇಲೆ ನಿಮ್ಮನ್ನ," ಎಂದರು ಹೆಂಡತಿ.

ಸಾಹೇಬರು ಹಟ ಹಿಡಿದು ಸಿ ಭಾಷೆಯಲ್ಲಿ ಒಂದು ಲೈಬ್ರರಿ, ಅಂದರೆ ಯಾವ ಪ್ರೋಗ್ರಾಮಿಗಾದರೂ ಜೋಡಿಸಬಹುದಾದ ಕೋಡಿನ ಗಂಟು, ಬರೆದರು. ಸಿಗ್ನಲ್‌ಗೆ ಸಂಬಂಧಪಟ್ಟಂತೆ ಪ್ರೋಗ್ರಾಮ್ ಆಪರೇಟಿಂಗ್ ಸಿಸ್ಟಮಿಗೆ ಕೊಡುವ 'ಸಿಸ್ಟಮ್ ಕರೆ'ಗಳಿಗೆಲ್ಲ ತಮ್ಮದೇ ಹೊದಿಕೆ ಹೊಲಿದರು. ಇನ್ನು 'ನಿಲ್ಲು' ಎಂದರೆ ಪ್ರೋಗ್ರಾಮ್ ಸಾಯುವುದಿಲ್ಲ. ಕೈಯಲ್ಲಿದ್ದ ಕೆಲಸವನ್ನು ಮತ್ತೆ ಮೊದಲಿಂದ ಶುರು ಮಾಡುತ್ತದೆ.

"ಯಾರ್ ಬೇಕಾದ್ರೂ ಒತ್ತಿ! ಇದು ಸತ್ರೆ ನನ್ನ ಕೇಳಿ!" ಎಂದು ಆಫೀಸಿನವರೆಲ್ಲರ ಮುಂದೆ, ಚೊಚ್ಚಲ ಮಗುವಿನ ತೊಟ್ಟಿಲ ಪಕ್ಕದ ಅಪ್ಪನಂತೆ ಎದೆಯುಬ್ಬಿಸಿ ನಿಂತರು.

ಅಕ್ಕ ಒತ್ತಿದರು. ಲೇಬಲ್ಲುಗಳು ಮೊದಲಿಂದ ಬಂದವು. ಮ್ಯಾನೇಜರ್ ಒತ್ತಿದರು. ಮತ್ತೆ ಮೊದಲಿಂದ. ಪ್ರಿಂಟರ್ ವಾಂತಿ ಹತ್ತಿದ ಮಗುವಿನಂತೆ ಕಾಗದ ಕಕ್ಕತೊಡಗಿತು.

"ರೀ, ನಿಲ್ಲಿಸ್ರೀ! ರೋಲೆಲ್ಲ ಖಾಲಿ ಆಗ್ತಿದೆ!" ಎಂದು ಮ್ಯಾನೇಜರ್ ಕೂಗಿದರು.

"ಕೈ ತೆಗೀರಿ ಸರ್, ಅದೇ ಮುಗಿಸುತ್ತೆ!"

ಕೈ ತೆಗೆಯುವವರು ಯಾರು? ನಿಲ್ಲಲಿ ಎಂದು ಎಲ್ಲರೂ ಒತ್ತುವರು, ಒತ್ತಿದಷ್ಟೂ ಅದು ಹೊಸ ಹುರುಪಿನಿಂದ ಶುರು ಮಾಡುವುದು.

"ನಾನ್ ಬರೀ ಕಾಪಿ ಮಾಡ್ದೆ ಕಣ್ರೀ!" ಎನ್ನುತ್ತಾ ಅಕ್ಕ ಇನ್ನೊಮ್ಮೆ ಒತ್ತಿದರು.

ಹಾರಿದ ಲೇಬಲ್ಲೊಂದು ಮ್ಯಾನೇಜರರ ಬೋಳುತಲೆಗೆ ಅಂಟಿತು: 'ನೊರೆ ಬರುವವರೆಗೆ ಉಜ್ಜಿ.'

ಯಾವ ಲೈಬ್ರರಿಯೂ ತಡೆಯಲಾರದ, 'ಸಾಯಿ' ಎಂಬ ಸಿಗ್ನಲ್ ಒಂದಿದೆ. ಹೆತ್ತ ಕೈಯಿಂದಲೇ ಸಾಹೇಬರು ಅದನ್ನು ಟೈಪ್ ಮಾಡಿದರು. ಪ್ರಿಂಟರ್ ಬಿಕ್ಕಳಿಸಿ ಸುಮ್ಮನಾಯಿತು.

ಮ್ಯಾನೇಜರ್ ತಲೆಯ ಲೇಬಲ್ ಕಿತ್ತರು. ಕೆಲಸ ಹೋಯಿತೆಂದು ಸಾಹೇಬರು ಕಣ್ಣು ಮುಚ್ಚಿದರು.

"ಭಲೇ!" ಎಂದರು ಮ್ಯಾನೇಜರ್. "ಇಷ್ಟ್ ಜನ ಸೇರಿದ್ರೂ ಸಾಯ್ಲಿಲ್ವಲ್ರೀ! ನಾಳೆಯಿಂದ ಎಲ್ಲಾ ಪ್ರೋಗ್ರಾಮಿಗೂ ಇದನ್ನೇ ಹಾಕಿ. ಅಂದ ಹಾಗೆ, ಕೊನೇಲಿ ನಿಲ್ಲಿಸಿದ್ರಲ್ಲ, ಅದು ಇನ್ಯಾರಿಗ್ ಗೊತ್ತು?"

ಸಾಹೇಬರ ಎದೆ ಮತ್ತೆ ಉಬ್ಬಿತು. "ಈ ಆಫೀಸಲ್ಲಿ ನನಗೊಬ್ಬನಿಗೇ ಸರ್!"

"ಹಾಗಾದ್ರೆ ಇನ್ಮೇಲೆ ಭಾನುವಾರ ನಿಮ್ಮನೆಗೆ ಫೋನ್ ಬರಲ್ಲ, ಬಿಡಿ."

ಸಾಹೇಬರಿಗೆ ಕಣ್ಣು ತುಂಬಿ ಬಂತು. "ನಿಜವಾಗ್ಲೂ, ಸರ್?"

"ಮತ್ತೆ? ನಿಮ್ಮ ಕುರ್ಚೀನ ಪ್ರಿಂಟರ್ ಪಕ್ಕಕ್ಕೇ ಹಾಕಿಸ್ತೀನಿ. ಭಾನುವಾರಾನೂ ಇಲ್ಲೇ ಕೂತಿರೋರಿಗೆ ಫೋನ್ ಯಾಕ್ರೀ ಮಾಡೋದು?"