ಬೇಸ್‌ಮೆಂಟಿನ ಆನೆ

ಬದರೀನಾಥನ ಲೆಕ್ಕ ಬದುಕಿನಲ್ಲಿ ತಪ್ಪಿದ್ದು ಒಂದೇ ಸಲ. ಆ ತಪ್ಪು ಅವನ ಬೇಸ್‌ಮೆಂಟಿನಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿತ್ತು.

ಅವನು ಡಿಯರ್‌ಬಾರ್ನಿನಲ್ಲಿ ಕಾರಿನ ಬಾಗಿಲುಗಳನ್ನು ವಿನ್ಯಾಸ ಮಾಡುವ ಎಂಜಿನಿಯರು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಕೂದಲೆಳೆಯಷ್ಟು ಜಾಗ ಹೆಚ್ಚಾದರೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಕನ್ನಡ ಕೂಟದವರು ದಸರೆಗೆ ಒಂದು ಅಂಬಾರಿ ಆನೆ ಮಾಡಿಕೊಡಿ ಎಂದರು. ಪ್ಲಾಸ್ಟಿಕ್ ಪೈಪು, ತಂತಿ ಬಲೆ, ಅದರ ಮೇಲೆ ಅಂಟಿನಲ್ಲಿ ಅದ್ದಿದ ಹಳೇ ಪೇಪರು, ಕಿವಿ ಬೀಸಲು ಕಾರಿನ ವೈಪರ್ ಮೋಟಾರು ಎಲ್ಲ ಸೇರಿಸಿ ಬದರೀನಾಥ ಆನೆಯನ್ನು ಬೇಸ್‌ಮೆಂಟಿನಲ್ಲೇ ಕಟ್ಟಿದ. ದಸರೆ ನಡೆಯುವ ಸಭಾಂಗಣದ ಬಾಗಿಲು, ವೇದಿಕೆಯ ಅಗಲ, ಬಾಡಿಗೆ ಟ್ರಕ್ಕಿನ ಎತ್ತರ, ಎಲ್ಲವನ್ನೂ ಅಳೆದ. ತನ್ನ ಮನೆಯ ಮೆಟ್ಟಿಲನ್ನು ಅಳೆಯಲಿಲ್ಲ.

ದಸರೆಯ ದಿನ ಆನೆ ಮೇಲೆ ಬರಲಿಲ್ಲ. ಕೂಟದವರೇ ಕೆಳಗಿಳಿದು ಬಂದು ಆರತಿ ಎತ್ತಿ, ಕೇಸರಿಬಾತ್ ತಿಂದು ಹೋದರು. ಅಂದಿನಿಂದ ಆನೆ ವೀಸಾ ಮುಗಿದ ನೆಂಟನ ಹಾಗೆ ಅಲ್ಲೇ ಉಳಿದುಕೊಂಡಿತ್ತು.

ಈಗ ಬದರೀನಾಥನ ಹೆಂಡತಿ ವತ್ಸಲಾಗೆ ಶಿಕಾಗೋ ಕಡೆಯ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ ಕೆಲಸ ಸಿಕ್ಕಿತ್ತು. ಸ್ಕೋಕಿಯಲ್ಲಿ ಮನೆ ನೋಡಿಯಾಗಿತ್ತು. ಈಗಿರುವ ನೋವೈನ ಮನೆ ಮಾರುವ ಕರಾರಿಗೆ ಎರಡೂ ಕಡೆಯವರು ಸಹಿ ಹಾಕಿದ್ದರು. ಇದರ ಹಣ ಬಂದರೆ ಸ್ಕೋಕಿಯ ಮನೆ ಕೈಗೆ. ಬರದಿದ್ದರೆ ಅದೂ ಇಲ್ಲ. ಹಣ ಕೊಟ್ಟು ಕೊನೆಯ ಸಹಿ ಹಾಕುವ ಕ್ಲೋಸಿಂಗ್ ತಿಂಗಳ ಕೊನೆಗೆ ಇತ್ತು. ಆದರೆ ಮನೆ ಮಾರಿಕೊಡುವ ಏಜೆಂಟ್ ವಿವೇಕ್ ಸೋಮವಾರ ಫೋನ್ ಮಾಡಿದ.

“ಸಾರ್, ಬಯರ್ಸು ಕ್ಲೋಸಿಂಗ್ ಈ ಶುಕ್ರವಾರವೇ ಬೇಕು ಅಂತಿದಾರೆ. ಗುರುವಾರ ಸಂಜೆ ಐದಕ್ಕೆ ಕೊನೇ ಸಲ ಮನೆ ನೋಡಕ್ಕೆ ಬರ್ತಾರೆ. ಕ್ಲೀನಾಗಿರ್ಬೇಕು.”

“ಇಷ್ಟು ಅವಸರ ಯಾಕಪ್ಪಾ?”

“ಏನೋ ಫ್ಯಾಮಿಲಿ ಫಂಕ್ಷನ್ ಅಂತೆ.”

“ಮತ್ತೆ ಆನೆ?”

“ಅಯ್ಯೋ, ಆನೆ ಬಗ್ಗೆ ನೀವು ತಲೆ ಕೆಡಿಸ್ಕೊಳ್ಳಲೇಬೇಡಿ ಸಾರ್!” ಎಂದು ವಿವೇಕ್ ಫೋನ್ ಇಟ್ಟ.

ತಲೆ ಕೆಡಿಸಿಕೊಳ್ಳಬೇಡಿ ಎನ್ನುವುದು ವಿವೇಕನಿಗೆ ಉಸಿರಾಟದಷ್ಟೇ ಸಹಜ. ಜನವರಿಯಲ್ಲಿ ಮನೆ ಬಿಸಿಮಾಡುವ ಫರ್ನೇಸ್ ಕೆಟ್ಟು ಒಳಗೆಲ್ಲ ಫ್ರಿಜ್ಜಿನಷ್ಟು ಚಳಿಯಾದಾಗಲೂ ಅವನು ಅದನ್ನೇ ಹೇಳಿದ್ದ. ಆದ್ದರಿಂದ ಬದರೀನಾಥ ಇನ್ನಷ್ಟು ತಲೆ ಕೆಡಿಸಿಕೊಂಡ.

ಗುರುವಾರ ಬೆಳಿಗ್ಗೆ ಸಾಮಾನಿನ ಟ್ರಕ್ಕು ಸ್ಕೋಕಿಗೆ ಹೊರಟಿತು. ಮನೆಯಲ್ಲಿ ಉಳಿದದ್ದು ಒಂದು ಪೊರಕೆ, ಒಂದು ಅಳತೆ ಟೇಪು ಮತ್ತು ಆನೆ.

ಕೂಟದ ಅಧ್ಯಕ್ಷ ಗುರುಶಾಂತಪ್ಪ ಹಗ್ಗ ಹಿಡಿದು ಬಂದರು. ಪಕ್ಕದ ಮನೆಯ ಛಾಯಾ ಆಂಟಿ ಚಿತ್ರಾನ್ನದ ಡಬ್ಬಿ ಹಿಡಿದು ಬಂದರು.

“ಒಟ್ಟ ಚಿಂತಿ ಮಾಡಬ್ಯಾಡ್ರಿ,” ಎಂದರು ಗುರುಶಾಂತಪ್ಪ. “ನೀವು ಹಿಂದಿನಿಂದ ನೂಕ್ರಿ, ನಾ ಮ್ಯಾಲಿಂದ ಜಗ್ಗತೀನಿ. ಹೊಟ್ಟಿ ಪೇಪರಿಂದಲ್ರಿ? ತಾನ ಒಳಗ ಹೋಗ್ತೈತಿ.”

ಹೊಟ್ಟೆ ಒಳಗೆ ಹೋಗಲಿಲ್ಲ. ಅರ್ಧ ಮೆಟ್ಟಿಲು ಹತ್ತಿದ ಆನೆ ಎರಡು ಗೋಡೆಗಳ ನಡುವೆ, ಬಾಟಲಿಗೆ ಬಿರಟೆ ಹಾಕಿದ ಹಾಗೆ, ಬಿಗಿಯಾಗಿ ಕೂತಿತು. ಸೊಂಡಿಲು ಅಡುಗೆಮನೆಯಲ್ಲಿ, ಬಾಲ ಬೇಸ್‌ಮೆಂಟಿನಲ್ಲಿ, ಬದರೀನಾಥ ಬಾಲದ ಹಿಂದೆ.

“ರೀ, ಇದೀರಾ?” ವತ್ಸಲಾ ಮೇಲಿನಿಂದ ಕೂಗಿದಳು.

“ಇದೀನಿ. ಈಚೆ ಬರಕ್ಕೆ ಆಗ್ತಿಲ್ಲ.”

“ಎಣ್ಣಿ ಹಚ್ಚೋಣ್ರಿ,” ಎಂದರು ಗುರುಶಾಂತಪ್ಪ. ಛಾಯಾ ಆಂಟಿ ಓಡಿ ಹೋಗಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ತಂದರು. ಒಂದು ಬಾಟಲಿ ಪೂರ್ತಿ ಆನೆಯ ಎರಡೂ ಪಕ್ಕಕ್ಕೆ ಸುರಿದು, ಎಲ್ಲರೂ ಸೇರಿ ಮತ್ತೊಮ್ಮೆ ಜಗ್ಗಿದರು. ಆನೆ ಅಲುಗಲಿಲ್ಲ. ಆದರೆ ಒಳಗೆಲ್ಲೋ ಸ್ವಿಚ್ಚು ಅದುಮಿಕೊಂಡು ಎರಡು ವರ್ಷದಿಂದ ಮಲಗಿದ್ದ ವೈಪರ್ ಮೋಟಾರಿಗೆ ಎಚ್ಚರವಾಯಿತು. ಎಡಗಿವಿ ಒಂದು ಸಲ, ಬಲಗಿವಿ ಒಂದು ಸಲ, ಗುರುಶಾಂತಪ್ಪನವರ ಎರಡೂ ಕೆನ್ನೆಗೆ ಪಕ್ಷಪಾತವಿಲ್ಲದೆ ಬಾರಿಸತೊಡಗಿದವು.

“ಏ, ಹೊಡಿಯಾಕತ್ತೈತ್ರಿ ಇದು ನನಗ! ಸ್ವಿಚ್ ಎಲ್ಲೈತ್ರಿ ಬದರೀನಾಥ್?”

“ಹೊಟ್ಟೆ ಪಕ್ಕದಲ್ಲಿ.”

“ಹೊಟ್ಟಿ ಗ್ವಾಡ್ಯಾಗ ಐತಲ್ರೀ!”

ಬ್ಯಾಟರಿ ಮುಗಿಯುವವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಚಿತ್ರಾನ್ನದ ಡಬ್ಬಿಯನ್ನು ಹಗ್ಗಕ್ಕೆ ಕಟ್ಟಿ ಆನೆಯ ಕಾಲುಗಳ ನಡುವೆ ಕೆಳಗೆ ಬಿಟ್ಟರು. ಬದರೀನಾಥ ಕತ್ತಲಲ್ಲಿ ಬಾಲ ನೋಡುತ್ತಾ ಊಟ ಮಾಡಿದ.

“ಇನ್ನು ಕುಯ್ಯೋದೇ,” ಎಂದಳು ವತ್ಸಲಾ.

“ಆರತಿ ಎತ್ತಿರೋ ಆನೆ ಕಣಮ್ಮಾ! ಕುಯ್ಯೋದು ಅಂದ್ರೇನು?” ಛಾಯಾ ಆಂಟಿ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಗಣಪ್ಪಗೂ ಆರತಿ ಎತ್ತಿ ಆಮ್ಯಾಲೆ ಮುಳುಗಸ್ತೀವಲ್ರಿ ಅಕ್ಕಾರ? ಇದಕ್ಕೂ ವಿಸರ್ಜನಾ ಮಾಡಿದ್ರಾತು,” ಎಂದರು ಕೆನ್ನೆ ಸವರಿಕೊಳ್ಳುತ್ತಿದ್ದ ಗುರುಶಾಂತಪ್ಪ. ಅವರಿಗೆ ಆ ಹೊತ್ತಿನಲ್ಲಿ ಆನೆಯ ಮೇಲೆ ವಿಶೇಷ ಭಕ್ತಿಯೇನೂ ಉಳಿದಿರಲಿಲ್ಲ.

ಹೀಗೆ ವಿಸರ್ಜನೆಯಾಯಿತು. ಛಾಯಾ ಆಂಟಿ ನೀರಿನ ಬಾಟಲಿಯಿಂದ ಸೊಂಡಿಲಿಗೆ ಪ್ರೋಕ್ಷಣೆ ಮಾಡಿ ಮಂಗಳಾರತಿ ಹಾಡು ಹೇಳಿದರು. ಹಾಡು ಮುಗಿಯುತ್ತಲೇ ಗುರುಶಾಂತಪ್ಪ ತಮ್ಮ ವ್ಯಾನಿನಿಂದ ಗರಗಸ ತಂದರು. ವತ್ಸಲಾ ಅದನ್ನು ಅವರ ಕೈಯಿಂದ ಕಿತ್ತುಕೊಂಡಳು.

“ಎಲ್ಲೆಂದರಲ್ಲಿ ಕುಯ್ಯಬೇಡಿ ಅಂಕಲ್. ಭುಜದ ಜಾಯಿಂಟಲ್ಲಿ ನೀಟಾಗಿ ಬಿಡಿಸ್ತೀನಿ.”

ಮೂಳೆ ಡಾಕ್ಟರ ಕೈ. ಒಂದು ಚೂರು ಪೇಪರೂ ಹರಿಯದಂತೆ ಆನೆ ಬಿಡಿಬಿಡಿಯಾಯಿತು. ಬದರೀನಾಥ ಹೊರಗೆ ಬಂದ. ಕಿವಿಗಳು ಬಿದ್ದಾಗ ಅವನ ಕಣ್ಣಲ್ಲಿ ನೀರು ಬಂತು. ಧೂಳು ಎಂದ.

ಹತ್ತಿರದ ವಿಕ್ಸಮ್‌ನಲ್ಲಿ ಗುರುಶಾಂತಪ್ಪನವರದೊಂದು ಪ್ಯಾಕಿಂಗ್ ಕಾರ್ಖಾನೆ. ಅಲ್ಲಿ ರಟ್ಟು ಅದುಮುವ ಯಂತ್ರವಿತ್ತು. ಆನೆಯನ್ನು ವ್ಯಾನಿಗೆ ತುಂಬಿ, ಸೊಂಡಿಲನ್ನು ಕಿಟಕಿಯಿಂದ ಹೊರಗೆ ಚಾಚಿಸಿ ಅವರು ಹೊರಟರು. ನಾಲ್ಕು ಗಂಟೆಗೆ ಫೋನ್ ಬಂತು. “ಮುಗೀತ್ರಿ. ನಿಮ್ಮ ಆನಿ ಈಗ ಒಂದು ದಿಂಬಿನಷ್ಟ ಆಗೈತಿ.”

ಬದರೀನಾಥ ಗೋಡೆಯ ಎಣ್ಣೆ ಒರೆಸಿ, ನೆಲ ಗುಡಿಸಿ, ಖಾಲಿ ಬೇಸ್‌ಮೆಂಟಿನ ನಡುವೆ ನಿಂತು ಎರಡು ವರ್ಷದಲ್ಲಿ ಮೊದಲ ಬಾರಿಗೆ ಕೈ ಎರಡೂ ಕಡೆ ಚಾಚಿದ. ಏನೂ ತಗುಲಲಿಲ್ಲ.

ಐದಕ್ಕೆ ವಿವೇಕನ ಜೊತೆ ಕೊಳ್ಳುವವರು ಬಂದರು. ಇಲ್ಲೇ ಹುಟ್ಟಿ ಬೆಳೆದ ಕೇಶವ್, ಅವನ ಹೆಂಡತಿ ರಿಯಾ, ಅವರ ಪುಟ್ಟ ಮಗಳು ಆಶ್ರಿತಾ. ದೊಡ್ಡವರು ಶೂ ಬಿಚ್ಚುವಷ್ಟರಲ್ಲಿ ಹುಡುಗಿ ಬೇಸ್‌ಮೆಂಟಿಗೆ ಓಡಿದಳು. ಕೂಡಲೇ ಇಡೀ ಬಡಾವಣೆಗೆ ಕೇಳುವಂಥ ಕಿರುಚಾಟ.

“ವೇರ್ ಈಸ್ ಮೈ ಎಲಿಫೆಂಟ್?”

ವಿವೇಕನ ಮುಖ ಬಿಳಿಚಿಕೊಂಡಿತು. “ಸಾರ್... ಆನೆ ಎಲ್ಲಿ?”

“ತೆಗೆಸಿದೆ.”

“ತೆಗೆಸಿದ್ರಾ? ಮನೆ ಜೊತೆ ಅದನ್ನೂ ಮಾರಿದೀನಲ್ಲ ಸಾರ್! ಹೆಂಗಾದ್ರೂ ಮಾಡಿ ಅದನ್ನ ತೊಲಗಿಸಪ್ಪಾ ಅಂತ ನೀವೇ ಹೇಳಿದ್ರಿ. ಬೇಸ್‌ಮೆಂಟಲ್ಲಿ ಇರೋದೆಲ್ಲ ಮನೆ ಜೊತೆಗೇ ಅಂತ ಕರಾರಲ್ಲಿ ಹಾಕ್ಸಿದೀನಿ. ನೀವು ಓದಿ ಸಹಿ ಮಾಡಿದೀರ!”

ಬದರೀನಾಥ ನಿಜಕ್ಕೂ ಓದಿದ್ದ. ಅಲ್ಲಿದ್ದ ವಾಟರ್ ಹೀಟರಿನ ವಿಷಯ ಅಂದುಕೊಂಡಿದ್ದ.

“ತಲೆ ಕೆಡಿಸ್ಕೊಳ್ಳಬೇಡಿ ಅಂತ ಬಾಯಿ ಬಿಟ್ಟು ಹೇಳಿದ್ನಲ್ಲ ಸಾರ್,” ಎಂದ ವಿವೇಕ್ ಅಳುವ ದನಿಯಲ್ಲಿ.

ಕೇಶವ್ ಮಗಳನ್ನು ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದ. “ಅಂಕಲ್, ಇವಳು ನಾವು ನೋಡಿದ ಎಲ್ಲಾ ಮನೇನೂ ಬೇಡ ಅಂದ್ಲು. ಇದೊಂದಕ್ಕೇ ಓಕೆ ಅಂದಿದ್ದು. ಸಾಟರ್‌ಡೇ ಇವಳ ಬರ್ತ್‌ಡೇ. ಆನೆ ತೋರಿಸ್ತೀನಿ ಅಂತ ಕ್ಲಾಸನ್ನೆಲ್ಲಾ ಕರೆದಿದಾಳೆ. ಅದಕ್ಕೇ ಬೇಗ ಕ್ಲೋಸಿಂಗ್ ಮಾಡಿ ಅಂದಿದ್ದು.”

“ಆನೆ ಇಲ್ಲದೆ...?”

“ಸಾರಿ ಅಂಕಲ್. ಆನೆ ಬಂದ ಮೇಲೇ ಕ್ಲೋಸಿಂಗ್‌ಗೆ ಸೈನ್ ಮಾಡ್ತೀವಿ.”

ವತ್ಸಲಾಳ ಫೋನು ಬಡಿದುಕೊಂಡಿತು. ಸ್ಕೋಕಿ ತಲುಪಿದ ಟ್ರಕ್ಕಿನವನು, ಸಾಮಾನು ಎಲ್ಲಿ ಇಳಿಸಲಿ ಎಂದು ಕೇಳುತ್ತಿದ್ದ. ಅವಳು ಗಂಡನನ್ನು ನೋಡಿದಳು. ಬದರೀನಾಥ ಗುರುಶಾಂತಪ್ಪನವರಿಗೆ ಫೋನ್ ಮಾಡಿ ಹಳೇ ಪೇಪರು, ತಂತಿ ಬಲೆ ಬೇಕು ಎಂದ.

“ತರ್ತೀನ್ರಿ,” ಎಂದರು ಗುರುಶಾಂತಪ್ಪ. “ಆದ್ರ ಈ ಸಲ ಕಿವಿ ಆಡೂದು ಬ್ಯಾಡ.”

ಛಾಯಾ ಆಂಟಿ ಮೈದಾ ಅಂಟು ಕಾಯಿಸಲು ಮನೆಗೆ ಹೋದರು. ಬದರೀನಾಥ ಟೇಪು ಹಿಡಿದು ಬೇಸ್‌ಮೆಂಟಿಗೆ ಇಳಿದ. ಆಶ್ರಿತಾ ಕಣ್ಣೊರೆಸಿಕೊಳ್ಳುತ್ತಾ ಅವನ ಹಿಂದೆಯೇ ಬಂದು ಕೊನೆಯ ಮೆಟ್ಟಿಲಿನ ಮೇಲೆ ಕೂತಳು.

“ಅಂಕಲ್, ಕ್ಯಾನ್ ಯು ಮೇಕ್ ಹಿಮ್ ಬಿಗರ್?”

ಬದರೀನಾಥ ಮೆಟ್ಟಿಲಿನ ಕಡೆ ಒಮ್ಮೆ ನೋಡಿದ. ಹಿಡಿದಿದ್ದ ಟೇಪನ್ನು ಸುತ್ತಿ ಜೇಬಿಗಿಟ್ಟ.

“ಆಗಲಿ ಪುಟ್ಟಾ,” ಎಂದ. “ಎಷ್ಟು ದೊಡ್ಡದು ಬೇಕಾದರೂ ಮಾಡೋಣ.”