ಹೊಗೆಗೆ ಸ್ನಾನ ಮಾಡಿಸಿದ ಬಾಮೈದ

ಮಕ್ಕಳಿಗೆ ಸ್ನಾನ ಮಾಡಿಸುವವರನ್ನು ನೀವು ನೋಡಿದ್ದೀರಿ, ಎಮ್ಮೆಗೆ ಮಾಡಿಸುವವರನ್ನೂ ನೋಡಿದ್ದೀರಿ. ಹೊಗೆಗೆ ಸ್ನಾನ ಮಾಡಿಸುವವನನ್ನು ನೋಡಬೇಕೆಂದರೆ ಶಿಡ್ಲಘಟ್ಟದ ನಮ್ಮ ಮನೆಗೇ ಬರಬೇಕು! ಅವನು ನನ್ನ ಹೆಂಡತಿಯ ತಮ್ಮ. ಅವನಿಗೆ ತಲೆ ಕೆಟ್ಟಿದೆ ಎಂದು ಬೀದಿಗೆಲ್ಲ ಸಾರಿದವನು ನಾನೇ. ಆ ಪಾಪಕ್ಕೇ ಈ ಬರಹ.

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಹಿತ್ತಿಲ ಒಲೆಯ ಮೇಲೆ ಗೂಡು ಬೇಯುತ್ತದೆ, ಪಕ್ಕದಲ್ಲಿ ಕೂತು ನನ್ನವಳು ಎಳೆ ಹಿಡಿಯುತ್ತಾಳೆ. ಅವಳಿಗೆ ಕೆಮ್ಮು ಹತ್ತಿತ್ತು. ಎಳೆ ತುಂಡಾಗುವಂಥ ಕೆಮ್ಮು! ಕೆಲಸ ಬಿಡು ಎಂದರೆ ಬಿಡಳು. ನಾನೇನು ಮಾಡುತ್ತಿದ್ದೆ ಗೊತ್ತೇ? ಒಲೆಗೆ ಹಿಪ್ಪುನೇರಳೆ ಕಡ್ಡಿ ಹಾಕುತ್ತೇನೆಂದು ಅವಳಿಗೆ ಹೇಳಿ, ಕಡ್ಡಿಗಳ ನಡುವೆ ಹಳೇ ಟಯರ್ ತುಂಡು ತೂರಿಸುತ್ತಿದ್ದೆ. ಚೆನ್ನಾಗಿ ಉರಿಯುತ್ತದಲ್ಲ!

ಬಾಮೈದ ದೂರದ ಒಂದು ಕಲ್ಲಿದ್ದಲ ಕರೆಂಟಿನ ಸ್ಥಾವರದಲ್ಲಿ ಹೊಗೆ ತೊಳೆಯುವ ವಿಭಾಗದಲ್ಲಿದ್ದು ನಿವೃತ್ತನಾದವನು. ಅಕ್ಕನನ್ನು ನೋಡಲು ಬಂದವನು ಅವಳ ಕೆಮ್ಮು ಕೇಳಿ ಇಲ್ಲೇ ಉಳಿದುಬಿಟ್ಟ. ಹೊಗೆಯಲ್ಲಿ ಗಂಧಕದ ಅನಿಲ ಇರುತ್ತದಂತೆ. ಅದು ಸೇರಿದ ನೀರು ಹುಳಿಯಾಗುತ್ತದಂತೆ. ಆ ಹುಳಿಯಲ್ಲಿ ಸುಣ್ಣದ ಕಲ್ಲು ಕರಗಿ, ಗಂಧಕವನ್ನು ಹಿಡಿದುಕೊಂಡು ಜಿಪ್ಸಂ ಆಗಿ ತಳಕ್ಕೆ ಕೂರುತ್ತದಂತೆ.

"ಕಲ್ಲು ಕರಗಿದ್ರೆ ಅಕ್ಕ ಉಸಿರಾಡ್ತಾಳೆ, ಭಾವ" ಎಂದ.

"ನಿನ್ನ ತಲೇಲಿರೋ ಕಲ್ಲು ಮೊದಲು ಕರಗಲಿ ಕಣಯ್ಯ" ಎಂದೆ ನಾನು, ಎಸ್ಸೆಸ್ಸೆಲ್ಸಿ ಪಾಸಾದ ಪಂಡಿತ.

ಸುಣ್ಣದ ಕಲ್ಲು ಹುಡುಕಲು ಅವನು ಜೇಬಿನಲ್ಲಿ ನಿಂಬೆಹಣ್ಣು ತುಂಬಿಕೊಂಡು ಬಸ್ಸು ಹತ್ತಿದ. ಹುಳಿ ಬಿದ್ದಾಗ ನೊರೆ ಬಂದರೆ ಅದು ಸುಣ್ಣದ ಕಲ್ಲು. ಚಿಂತಾಮಣಿ, ಗೌರಿಬಿದನೂರು ಎಲ್ಲ ತಿರುಗಿದ. ನಮ್ಮ ಸೀಮೆಯಲ್ಲಿ ನೊರೆ ಬರುವ ಕಲ್ಲು ಎಲ್ಲಿದೆ? ಕೈವಾರದ ದಾರಿಯಲ್ಲಿ ಒಂದು ಬಂಡೆಗೆ ಭಕ್ತಿಯಿಂದ ನಿಂಬೆ ಹಿಂಡಿ, ಬಗ್ಗಿ, ಕಿವಿಯಿಟ್ಟು ಕೇಳಿದನಂತೆ. ಸಂಜೆ ಅದೇ ದಾರಿಯಲ್ಲಿ ವಾಪಸು ಬರುವಾಗ ಬಂಡೆಗೆ ಅರಿಶಿನ ಕುಂಕುಮ ಬಿದ್ದಿತ್ತು, ಇಬ್ಬರು ಪ್ರದಕ್ಷಿಣೆ ಹಾಕುತ್ತಿದ್ದರು!

ಕೊನೆಗೆ ಅಂಗಡಿಯಿಂದ ಮೂಟೆ ತಂದ. ಡ್ರಮ್ಮಿನ ನೀರಿಗೆ ಕಲ್ಲು ಸುರಿದು, ಒಲೆಯ ಹೊಗೆಯನ್ನು ಕೊಳವೆ ಹಾಕಿ ಅದರೊಳಗೆ ನುಗ್ಗಿಸಿದ. ಕಲ್ಲಿನ ಮೈಗೆ ಬಿಳಿ ಪೊರೆ ಕಟ್ಟಿತೇ ಹೊರತು ಕರಗಲಿಲ್ಲ. ಹಿಟ್ಟಿನಷ್ಟು ನುಣ್ಣಗಿದ್ದರೆ ಮಾತ್ರ ಬೇಗ ಕರಗುತ್ತದೆ ಎಂದವನೇ, ಅಕ್ಕನ ಔಷಧಿ ಎಂದು ಹೇಳಿ ರಾಗಿ ಗಿರಣಿಯಲ್ಲೇ ಬೀಸಿಸಿಕೊಂಡು ಬಂದ!

ಅವನ ಹಿಂದೆ ಸಾಲಿನಲ್ಲಿದ್ದ ರಾಗಿಯೆಲ್ಲ ಗಿರಣಿಯಲ್ಲಿ ಉಳಿದ ಆ ಕಲ್ಲಿನ ಪುಡಿಯೊಂದಿಗೇ ಹಿಟ್ಟಾಯಿತು. ಯಾರಿಗಾದರೂ ಗೊತ್ತಾಯಿತೇ? ಇಲ್ಲ! ನಾವು ಮುದ್ದೆ ನುಂಗುವವರು, ಅಗಿಯುವವರಲ್ಲ. ಎದುರು ಮನೆಗೆ ಹೊಸದಾಗಿ ಬಂದಿದ್ದ ಬೆಳಗಾವಿ ಕಡೆಯ ಸೊಸೆ ಮುದ್ದೆಯನ್ನು ಅಗಿದು, ಹಲ್ಲು ಹಿಡಿದುಕೊಂಡಾಗಲೇ ಗುಟ್ಟು ರಟ್ಟಾಗಿದ್ದು. ಜಗಳಕ್ಕೆ ಬಂದ ಅವಳ ಮಾವನೇ ಬಾಗಿಲಲ್ಲಿ ಮೆತ್ತಗಾದರು.

"ಅಲ್ಲಪ್ಪ, ನನ್ನ ಎದೆ ಉರಿ ನಿಂತೋಗಿದೆ. ಇನ್ನೂ ಸ್ವಲ್ಪ ಇದ್ಯಾ?"

"ನಿಮ್ಮ ಹೊಟ್ಟೆ ಹುಳೀಲೂ ಕರಗುತ್ತೆ ಯಜಮಾನ್ರೇ, ಅದೇ ಲೆಕ್ಕ" ಎಂದು ನಮ್ಮವನು ಪಾಠಕ್ಕೆ ಕೂತ.

ಡ್ರಮ್ಮಿಗೆ ಎಷ್ಟು ಪುಡಿ ಸುರಿದರೂ ಕರಗಿಹೋಗುತ್ತಿತ್ತು. ಕೆಮ್ಮು ಮಾತ್ರ ಅರ್ಧ ಕಡಿಮೆಯಾಗಿ ಅಲ್ಲಿಗೇ ನಿಂತಿತು. ಒಂದು ಮಧ್ಯಾಹ್ನ ನೋಡುತ್ತೇನೆ, ಬಾಮೈದ ಏಣಿ ಹತ್ತಿ, ಡ್ರಮ್ಮಿನಿಂದ ಮೇಲೆದ್ದ ಹೊಗೆ ಕೊಳವೆಗೆ ಮುಖವೊಡ್ಡಿ ಎಳೆದೆಳೆದು ಉಸಿರಾಡುತ್ತಿದ್ದಾನೆ! ಕಣ್ಣಲ್ಲಿ ಧಾರಾಕಾರ ನೀರು.

"ಇಳಿಯಯ್ಯ, ಸಾಯ್ತೀಯ."

"ಅಕ್ಕ ಕುಡಿಯೋ ಹೊಗೆ ನಾನು ರುಚಿ ನೋಡ್ಬಾರ್ದಾ, ಭಾವ?"

ನನಗೆ ನಗಲು ಆಗಲಿಲ್ಲ. ಮರುದಿನ ಟಯರ್ ತುಂಡುಗಳನ್ನೆಲ್ಲ ಯಾರಿಗೂ ಕಾಣದಂತೆ ಸಾಗಿಸಿಬಿಟ್ಟೆ. ಒಲೆಗೆ ಬರೀ ಕಡ್ಡಿ ಹಾಕಿದೆ.

ಕೆಲವು ದಿನ ಕಳೆದು ಅವನು ಡ್ರಮ್ಮಿನೊಳಗೆ ಕೈಬಿಟ್ಟು ತಳದಿಂದ ಹಿಡಿ ತುಂಬ ಬಿಳಿ ಪುಡಿ ತೆಗೆದ. ನಿಂಬೆ ಹಿಂಡಿದರೆ ನೊರೆ ಬಂತು, ಹಾಕಿದ್ದೆಲ್ಲ ಹಾಗೇ ಇತ್ತು. ಸೋತೆಯಲ್ಲೋ ಎಂದುಕೊಂಡೆ. ಅವನು ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಕರಗ್ತಿಲ್ಲ ಭಾವ. ಹೊಗೇಲಿ ಗಂಧಕಾನೇ ಇಲ್ಲ. ಟಯರ್ ಹಾಕೋದು ಬಿಟ್ರಾ?"

ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಬಂದ ದಿನವೇ ವಾಸನೆ ಹತ್ತಿತ್ತಂತೆ.

"ಹೇಳಬಾರದಾಗಿತ್ತಾ?"

"ಅಕ್ಕಂಗೆ ಗೊತ್ತಾಗಿದ್ರೆ ಕೆಮ್ಮಿಗಿಂತ ಜಾಸ್ತಿ ನೋವಾಗ್ತಿತ್ತು."

ಒಳಗೆ ಅವಳು ಎಳೆ ಹಿಡಿದು ಕೂತಿದ್ದಳು. ನಾವಿಬ್ಬರೂ ಬಾಗಿಲ ಬಳಿ ನಿಂತು, ಅವಳು ಕೆಮ್ಮದೆ ಉಸಿರಾಡುವುದನ್ನು ಕೇಳಿಸಿಕೊಂಡೆವು.