ರಾಗಿಕಲ್ಲಿನ ಮುಂದೆ ಒಂಟಿ ಬೊಂಬೆ

ನಮ್ಮ ದೊಡ್ಡಮ್ಮನಿಗೆ ಬಿಪಿ ಇಲ್ಲ. ಅವಳ ಸುತ್ತಮುತ್ತ ಇರುವ ನಮಗೆಲ್ಲ ಇದೆ! ಎಂಬತ್ತು ದಾಟಿದ ಮೇಲೆ ಮನುಷ್ಯರು ಮೆತ್ತಗಾಗುತ್ತಾರೆ ಎನ್ನುವವರು ದಯವಿಟ್ಟು ದೇವನಹಳ್ಳಿ ಬಸ್ಸು ಹತ್ತಿ ನಮ್ಮೂರಿಗೆ ಒಮ್ಮೆ ಬಂದು ಹೋಗಬೇಕು. ನನ್ನ ದೊಡ್ಡಪ್ಪನ ಹೆಂಡತಿಯಾದ ಈಕೆ ಬೆಳಿಗ್ಗೆ ಎದ್ದು ಮೊದಲು ಬೈಯುವುದು ತಲೆಯ ಮೇಲೆ ಹಾರುವ ವಿಮಾನವನ್ನು. "ಅಗೋ, ಹೊಂಟ! ಇವ್ನ್ ಮನೇಲಿ ಇರಪ್ಪಾ ಅನ್ನೋರು ಒಬ್ರೂ ಇಲ್ವಾ?" ವಿಮಾನ ಹೋದ ಮೇಲೆ ಹಾಲಿನವನು, ಆಮೇಲೆ ಟಿವಿಯಲ್ಲಿ ಹವಾಮಾನ ಹೇಳುವ ಹುಡುಗಿ. ನನ್ನ ಸರದಿ ಸಾಮಾನ್ಯವಾಗಿ ಕಾಫಿಯ ಹೊತ್ತಿಗೆ ಬರುತ್ತದೆ.

ಇಂಥವಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗುವುದು ಬುದ್ಧಿವಂತರ ಕೆಲಸವೇ? ಅಲ್ಲ. ಆದರೆ ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲ.

ನಮ್ಮೂರಿನ ಪಟೇಲರ ತೊಟ್ಟಿಮನೆ ಪಾಳುಬಿದ್ದಿತ್ತು. ಪಟೇಲರ ಮಕ್ಕಳು ಅದನ್ನು ಒಂದು ಟ್ರಸ್ಟಿಗೆ ಕೊಟ್ಟರು. ಟ್ರಸ್ಟಿನವರು ಗೋಡೆ ಎತ್ತಿ, ಹೆಂಚು ಬದಲಿಸಿ, ಕಂಬಗಳಿಗೆ ಎಣ್ಣೆ ಕುಡಿಸಿ, ಮ್ಯೂಸಿಯಂ ಮಾಡಿದರು. ಅದು ತೆರೆದು ವರ್ಷ ತುಂಬಿದ್ದಕ್ಕೆ ಊರಿಗೆಲ್ಲ ಹಬ್ಬ. ಅಂಗಳದಲ್ಲಿ ಶಾಮಿಯಾನ, ರಂಗೋಲಿ ಸ್ಪರ್ಧೆ, ಮುದ್ದೆ ನುಂಗುವ ಸ್ಪರ್ಧೆ, ಸೆಲ್ಫಿ ತೆಗೆದುಕೊಳ್ಳಲು ಒಂದು ಎತ್ತಿನ ಗಾಡಿ. ಗಾಡಿಯ ಮೇಲೆ ಕಪ್ಪು ಕನ್ನಡಕದ ನಾಲ್ವರು ತರುಣರು.

"ಎತ್ತೆಲ್ಲಿ?" ದೊಡ್ಡಮ್ಮ ಕೇಳಿದಳು.

"ಸೆಲ್ಫಿಗೆ ಎತ್ತು ಬೇಡ ಅಜ್ಜಿ," ಗಾಡಿಯ ಮೇಲಿದ್ದವನೊಬ್ಬ ಅಂದ.

"ಓ, ಬಿಡಪ್ಪ, ನಾನೇ ಸರಿಯಾಗಿ ನೋಡ್ಲಿಲ್ಲ. ಗಾಡಿ ಮ್ಯಾಗೇ ಕುಂತವೆ!"

ನಾನು ಅವಳ ತೋಳು ಹಿಡಿದು ಸರಸರನೆ ಒಳಕ್ಕೆ ನಡೆಸಿದೆ. ಒಳಗಾದರೂ ಶಾಂತಿ ಇತ್ತೇ? ಪಡಸಾಲೆಯ ಮೇಲೆ ಕೋಳಿ ಮುಚ್ಚುವ ಮಂಕರಿಯನ್ನು ತಲೆಕೆಳಗೆ ತೂಗುಹಾಕಿ, ಒಳಗೆ ಬಲ್ಬು ಇಟ್ಟು, ಅದನ್ನು ದೀಪಾಲಂಕಾರ ಮಾಡಿದ್ದರು. ದೊಡ್ಡಮ್ಮ ಕತ್ತೆತ್ತಿ ಬಹಳ ಹೊತ್ತು ನೋಡಿದಳು. "ಬಲ್ಬ್ ಇಟ್ಟವ್ರೆ. ಮೊಟ್ಟೆ ಇಡೋದು ಮರ್ತವ್ರೆ. ಇನ್ನೆಲ್ಲಿಂದ ಮರಿ ಆಯ್ತದೆ?" ಹಿಂದೆ ನಿಂತಿದ್ದವರು ನಕ್ಕರು. ಅವರಿಗೇನು, ಅವಳನ್ನು ಮನೆಗೆ ಕರೆದುಕೊಂಡು ಹೋಗುವವನು ನಾನಲ್ಲವೇ!

ನಗು ನಿಂತದ್ದು ಅಡುಗೆಮನೆಯಲ್ಲಿ.

ಅಲ್ಲಿ ಹಗ್ಗದ ಬೇಲಿಯಾಚೆ ದೊಡ್ಡ ರಾಗಿಕಲ್ಲು. ಅದರ ಮುಂದೆ ರೇಷ್ಮೆ ಸೀರೆ ಉಟ್ಟು, ಮೂಗುತಿ ಇಟ್ಟು ನಗುತ್ತಿರುವ ಒಂದು ಬೊಂಬೆ. ಪಕ್ಕದಲ್ಲಿ ಫಲಕ: "ಮನೆಯ ಯಜಮಾನಿಯು ಮುಂಜಾನೆ ಹಾಡುತ್ತಾ ರಾಗಿ ಬೀಸುತ್ತಿದ್ದರು."

ನಾನು ಅದನ್ನು ಗಟ್ಟಿಯಾಗಿ ಓದಬಾರದಿತ್ತು. ಓದಿಬಿಟ್ಟೆ.

"ಯಾರು? ಪಟೇಲರ ಹೆಂಡ್ತೀನಾ? ಆವಮ್ಮ ಈ ಕಲ್ಲು ಮುಟ್ಟಿದ್ದು ಕಂಡೋರು ಯಾರಾದ್ರೂ ಇದ್ರೆ ಕರೀಲಾ ಇಲ್ಲಿಗೆ!" ದೊಡ್ಡಮ್ಮನ ದನಿಗೆ ಶಾಮಿಯಾನದ ಮೈಕು ಸೋತಿತು. "ಬೀಸ್ತಿದ್ದೋರು ನಾವು! ಈ ಕಡೆ ನಾನು, ಆ ಕಡೆ ನಿಮ್ಮವ್ವ. ಮೊದ್ಲು ಅವ್ರ ರಾಗಿ ಬೀಸ್ಕೊಡ್ಬೇಕು, ಆಮ್ಯಾಕೆ ನಮ್ದು. ರೇಷ್ಮೆ ಸೀರೆ ಅಂತೆ! ನಮ್ಮ ಸೀರೇಲಿ ಸೆರಗ್ಯಾವ್ದು ತೂತ್ಯಾವ್ದು ಗೊತ್ತಾಯ್ತಿರ್ಲಿಲ್ಲ!"

ಕೊರಳಲ್ಲಿ ಗುರುತಿನ ಚೀಟಿ ತೂಗಾಡಿಸಿಕೊಂಡು ಮ್ಯೂಸಿಯಂ ನೋಡಿಕೊಳ್ಳುವ ಹೆಣ್ಣುಮಗಳು ಓಡಿಬಂದಳು. "ಏನಾಯ್ತಮ್ಮ?"

"ಇದು ಒಬ್ಳು ಬೀಸೋ ಕಲ್ಲೇನಮ್ಮಾ? ನೀನೇ ಹೇಳು. ಎದುರ್ಗಡೆ ಕೂರೋಳೆಲ್ಲಿ? ಇನ್ನೊಂದು ಬೊಂಬೆ ತಂದು ಕೂರ್ಸು. ಫಲಕದಾಗೆ ಇವ್ನ ತಾಯಿ ಹೆಸ್ರು ಬರಿ. ನಂದು ಬ್ಯಾಡ. ನಾನು ಬದ್ಕಿವ್ನಿ, ದಿನಾ ಬಂದು ಕೂಗ್ತೀನಿ. ಸತ್ತೋಳಿಗೆ ಬಾಯಿಲ್ಲ."

ಆ ಹೆಣ್ಣುಮಗಳು ಬೇಸರಿಸಲಿಲ್ಲ. ಅದೇ ನನಗೆ ಕಷ್ಟವಾಯಿತು. ಜಗಳವಾಡಿದ್ದರೆ ನಾನೂ ಜಗಳವಾಡುತ್ತಿದ್ದೆ. ಅವಳು ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು: "ಪಟೇಲರ ಮನೆಯವರು ಹೇಳಿದ್ದನ್ನೇ ಬರೆದಿದ್ದೇವೆ ಸರ್. ನಿಮ್ಮ ತಾಯಿಯವರದು ಫೋಟೊ ಏನಾದ್ರೂ ಇದೆಯಾ?"

ಇಲ್ಲ. ಅಮ್ಮನ ಒಂದೇ ಒಂದು ಫೋಟೊ ನಮ್ಮಲ್ಲಿಲ್ಲ. ನಾನು ನಾಲ್ಕು ವರ್ಷದವನಿದ್ದಾಗ ಅವಳು ತೀರಿಕೊಂಡಳು.

"ಹೋಗಲಿ, ನೀವು ನೋಡಿದ್ದು ನೆನಪಿದ್ದರೆ ಒಂದು ಸಾಲು ಬರೆದುಕೊಡಿ. ಸಾಕು. ಫಲಕ ಬದಲಿಸ್ತೀವಿ."

ಒಂದೇ ಸಾಲು! ಯಾವ ಮಗನಾದರೂ ಬರೆಯುತ್ತಿದ್ದ. ನನ್ನ ತಲೆಯೊಳಗೂ ಒಂದು ಚಿತ್ರವಿದೆ: ಮಬ್ಬು ಬೆಳಕು, ಕಲ್ಲಿನ ಗರಗರ, ಹಿಂದಕ್ಕೂ ಮುಂದಕ್ಕೂ ಹೋಗುವ ಒಂದು ಮೊಣಕೈ. ಆದರೆ ಅದು ಕಂಡದ್ದೋ, ದೊಡ್ಡಮ್ಮ ಸಾವಿರ ಸಲ ಹೇಳಿ ಕಟ್ಟಿಕೊಟ್ಟದ್ದೋ? ಆಗ ಊರಿಗೆ ಹಿಟ್ಟಿನ ಗಿರಣಿ ಬಂದಿರಲಿಲ್ಲವೇ? ಮೊಣಕೈ ಅಮ್ಮನದೇ ಎಂದು ಯಾವ ಆಧಾರದಿಂದ ಹೇಳಲಿ? ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಇದೊಂದೇ, ಎಲ್ಲವನ್ನೂ ಅನುಮಾನಿಸುವುದು. ಕಲಿತ ವಿದ್ಯೆ ಸರಿಯಾದ ಹೊತ್ತಿಗೆ ಕೈಕೊಡುತ್ತದೆ ಅನ್ನುತ್ತಾರೆ. ಈ ಹಾಳಾದದ್ದು ಕೈಕೊಡಲಿಲ್ಲ!

"ಖಚಿತವಾಗಿ ಹೇಳಲಾರೆ. ಆಗ ಊರಿಗೆ ಗಿರಣಿ ಬಂದಿತ್ತಲ್ಲ," ಅಂದೆ.

ಇಂಥ ಪ್ರಾಮಾಣಿಕತೆಗೆ ಬೆಂಕಿ ಹಾಕ!

ದೊಡ್ಡಮ್ಮ ನನ್ನನ್ನು ನೋಡಿದಳು. "ಓದೋದು ಓದ್ಬುಟ್ಟು, ಹೆತ್ತೋಳ್ನೇ ಅರಿಯೆ ಅಂತಾನಲ್ಲಮ್ಮಾ ಇವ್ನು! ನಿನ್ನ ತೊಡೆ ಮ್ಯಾಲೆ ಹಾಕ್ಕೊಂಡು ಬೀಸವ್ಳೆ ಕಣ್ಲಾ ನಿಮ್ಮವ್ವ! ಗಿರಣಿ ಇತ್ತು, ಕರೆಂಟು ನಿಮ್ಮಪ್ಪ ತರ್ತಿದ್ನಾ?"

ನನಗೂ ರೇಗಿತು. "ನಾನು ಸುಳ್ಳು ಬರೆದುಕೊಡಬೇಕಾ ದೊಡ್ಡಮ್ಮ?"

"ಈ ಫಲಕ ಬರ್ದೋರು ಮಾತ್ರ ನಿಜ ಬರ್ದವ್ರಾ? ಅವ್ರಿಗೆ ಕೇಳ್ದಾ ಈ ಪ್ರಶ್ನೇನ? ನಿಮ್ಮವ್ವಂಗೇ ಆಯ್ತೇನ್ಲಾ ನಿನ್ನ ಅನುಮಾನ?"

ನಾನು ಫಲಕವನ್ನು ಇನ್ನೊಮ್ಮೆ ಓದಿದೆ.

ಅಷ್ಟರಲ್ಲಿ ಅವಳು ಸೀರೆ ಎತ್ತಿಕಟ್ಟಿ ಹಗ್ಗ ದಾಟಿಯಾಗಿತ್ತು. ಬೊಂಬೆಯ ಕಂಕುಳಿಗೆ ಕೈಹಾಕಿ ಎತ್ತಿ, ಗೋಡೆಗೆ ಒರಗಿಸಿದಳು.

"ಅಮ್ಮಾ, ಮುಟ್ಟಬಾರದು!"

"ಯಾಕೆ, ಮೈಲಿಗೆ ಆಯ್ತದಾ ನಿನ್ನ ಯಜಮಾನಿಗೆ?"

ಪ್ರದರ್ಶನಕ್ಕಿಟ್ಟಿದ್ದ ಮೊರದಿಂದ ಎರಡು ಹಿಡಿ ರಾಗಿ ತೆಗೆದು ಕಲ್ಲಿನ ಬಾಯಿಗೆ ಸುರಿದು, ನೆಲಕ್ಕೆ ಕೂತಳು. ಬಾಗಿಲಲ್ಲಿ ಜನ ಸೇರಿದ್ದರು. ಯಾರೂ ನಗುತ್ತಿರಲಿಲ್ಲ.

"ಬಾರ್ಲಾ. ಕೂತ್ಕೊ ಎದುರ್ಗೆ."

ಕೂತೆ. ಮರದ ಗೂಟಕ್ಕೆ ಮೇಲಿನಿಂದ ಕೈಹಾಕಿದೆ. ಪಟ್ಟೆಂದು ಒಂದು ಏಟು ಬಿತ್ತು.

"ಅದು ನನ್ನ ಜಾಗ. ನಿಮ್ಮವ್ವಂದು ಕೆಳಗೆ. ಕುಳ್ಳಿ ಅವ್ಳು, ಮೇಲಕ್ಕೆ ಎಟುಕ್ತಿರ್ಲಿಲ್ಲ."

ಅಮ್ಮ ಕುಳ್ಳಿ. ಇದನ್ನು ಸಾವಿರ ಸಲದಲ್ಲಿ ಒಂದು ಸಲವೂ ಅವಳು ನನಗೆ ಹೇಳಿರಲಿಲ್ಲ.

ಕೈ ಕೆಳಕ್ಕೆ ಇಳಿಸಿದೆ. ಕಲ್ಲು ಒಂದು ಸುತ್ತು ತಿರುಗಿತು, ಇನ್ನೊಂದು. ನನ್ನ ಭುಜ ಆಗಲೇ ಉರಿಯತೊಡಗಿತ್ತು. ದೊಡ್ಡಮ್ಮ ಕಣ್ಣು ಮುಚ್ಚಿದ್ದಳು. ನಾನು ಹುಟ್ಟಿದಾರಭ್ಯ ಕೇಳಿರದಷ್ಟು ಮೆತ್ತಗಿನ ದನಿಯಲ್ಲಿ, ನನ್ನೊಡನೆ ಅಲ್ಲವೇ ಅಲ್ಲ, ಯಾರೊಡನೆಯೋ ಮಾತಾಡಿದಳು: "ಕೈ ನೋಯ್ತದಾ? ಸುಮ್ನೆ ಹಿಡ್ಕೊಂಡಿರು ಕೂಸೆ. ನಾನು ತಿರುಗಿಸ್ತೀನಿ. ಮಗೀಗೆ ಎಚ್ಚರಾಯ್ತದೆ."

ಹಗ್ಗದಾಚೆಯಿಂದ ಆ ಹೆಣ್ಣುಮಗಳು ಒಂದು ಹಾಳೆ, ಪೆನ್ನು ಚಾಚಿದಳು. ಸ್ವಲ್ಪ ತಾಳು ಎಂದು ಎಡಗೈಯಲ್ಲಿ ಸನ್ನೆ ಮಾಡಿದೆ. ಬಲಗೈ ಅಮ್ಮನ ಜಾಗದಲ್ಲಿತ್ತು.